ರೇಡಿಯೋ ಜಗದಾಂಬ ಟೀವಿಗೆ ಬಂದದ್ದು

ಶಿಕಾರಿಪುರದ ಸಂತೆಯಲ್ಲಿ ಜಗದಾಂಬ "ಬದನೆಕಾಯಿ ಹೆಂಗ್ರಿ?" ಎಂದರೆ ಸಾಕು, ಬೆನ್ನು ಹಾಕಿ ನಿಂತವರೂ ತಿರುಗಿ, "ರೇಡಿಯೋ ಅಕ್ಕ ಅಲ್ಲೇನ್ರಿ?" ಎನ್ನುತ್ತಾರೆ.

ಅವರು ತೊಗರ್ಸಿಯ ಕಿರಾಣಿ ಅಂಗಡಿ ಸದಾಶಿವಪ್ಪನವರ ಮಗಳು. ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೇಲೆ, ಆಕಾಶವಾಣಿಗೆ ಉದ್ಘೋಷಕರು ಬೇಕೆಂಬ ಪ್ರಕಟಣೆ ಕೇಳಿಸಿಕೊಂಡವರು ಗಂಡ ಮಹೇಶ್ವರಪ್ಪ. "ದಿನಾ ನನಗೊಬ್ಬನಿಗೇ ಇಷ್ಟು ಮಾತಾಡ್ತಿ. ಜಿಲ್ಲೆಗೆಲ್ಲ ಹಂಚು" ಎಂದು ನಗಿಸಿ, ಧ್ವನಿ ಪರೀಕ್ಷೆಗೆ ತಾವೇ ಕರೆದೊಯ್ದರು. ಆಯ್ಕೆಯೂ ಆಯಿತು. ಕೇಳುಗರು ಫೋನ್ ಮಾಡಿ ತಮಗಿಷ್ಟದ ಹಾಡು ಹಾಕಿಸಿಕೊಳ್ಳುವ ನೇರಪ್ರಸಾರದ ಕಾರ್ಯಕ್ರಮ ಅವರ ಪಾಲಿಗೆ ಬಂತು.

ಶುರುವಿನ ದಿನಗಳಲ್ಲಿ ಒಮ್ಮೆ ಸೊರಬದ ಕಡೆಯ ರೈತ ಉಜ್ಜಪ್ಪ ಫೋನ್ ಮಾಡಿದ. ಜಗದಾಂಬ ಅಚ್ಚ ಪುಸ್ತಕದ ಕನ್ನಡದಲ್ಲಿ, "ತಾವು ಯಾವ ಗೀತೆಯನ್ನು ಬಯಸುತ್ತೀರಿ?" ಎಂದರು.

"ಹೋಯ್, ಆಚೆ ಹೋಗೇ!" ಎಂಬ ಗದರಿಕೆ ಬಂತು.

ಗಾಬರಿಯಲ್ಲಿ ಪುಸ್ತಕದ ಕನ್ನಡ ಮರೆತೇಹೋಯಿತು. "ಎಲ್ಲಿಗ್ರಿ ಹೋಗ್ಲಿ?"

"ಅಯ್ಯೋ, ನಿಮಗಲ್ಲ ಅಕ್ಕಾ! ಎಮ್ಮೆ ಗದ್ದೆಗೆ ಇಳೀತು!"

ಜಗದಾಂಬರಿಗೆ ತಡೆಯಲಾರದ ನಗು. ಹಾಡು ಹಾಕಿದರೂ ಮೈಕ್ ಮುಚ್ಚಲು ಮರೆತು, ಪಲ್ಲವಿಯ ತುಂಬ ಅವರ ನಗುವೇ ಕೇಳಿಸಿತು. ಕೆಲಸ ಹೋಯಿತೆಂದುಕೊಂಡು ಹೊರಬಂದರೆ, ಕಾರ್ಯಕ್ರಮದ ಮುಖ್ಯಸ್ಥರು ಮೇಜಿನ ಫೋನನ್ನು ಅವರ ಕೈಗಿತ್ತರು. ಯಾರೋ ಹೆಂಗಸು, "ಆ ನಗೋ ಅಕ್ಕನ್ನ ಕೆಲಸದಿಂದ ಬಿಡಿಸಬೇಡ್ರಿ" ಎನ್ನುತ್ತಿದ್ದಳು.

"ನಗಿ. ಮೈಕ್ ಮಾತ್ರ ಮುಚ್ಚಿ ನಗಿ" ಎಂದರು ಮುಖ್ಯಸ್ಥರು.

ಅಂದಿನಿಂದ ಜಗದಾಂಬ ಮನೆಮಾತನ್ನೇ ಆಡಿದರು. ನಾಟಿ ಗದ್ದೆ, ಟೈಲರ್ ಅಂಗಡಿ, ಹೋಟೆಲು, ಎಲ್ಲ ಕಡೆಯಿಂದ ಫೋನ್ ಬರುತ್ತಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಕುರ್ಚಿಯಲ್ಲಿ ಕೂತರು.

ಕೂದಲು ನೆರೆತ ಮೇಲೆ ಶಿಕಾರಿಪುರದ ಹೊಸ ಕೇಬಲ್ ಚಾನೆಲ್‌ನವರು ಹಳ್ಳಿಯ ಹಾಡುಗಾರರ ಕಾರ್ಯಕ್ರಮ ನಡೆಸಿಕೊಡಲು ಕರೆದರು. ಮೊದಲ ಚಿತ್ರೀಕರಣ ಸೊರಬದ ಒಂದು ಸಮುದಾಯ ಭವನದಲ್ಲಿ. ಕ್ಯಾಮೆರಾ ಕಂಡದ್ದೇ ಜಗದಾಂಬರಿಗೆ ದಿಗಿಲಾಯಿತು. "ನಮಸ್ಕಾರ" ಎಂದವರಿಗೆ ಮುಂದಿನ ಮಾತೇ ಹೊರಡಲಿಲ್ಲ. ಕ್ಯಾಮೆರಾದ ಯತೀಶ ಎಷ್ಟು ಸಲ ನಿಲ್ಲಿಸಿ ಶುರುಮಾಡಿದರೂ ಅದೇ ಕಥೆ.

ಹಾಡಲು ಬಂದಿದ್ದವಳು ತಾಳಗುಂದದ ಕುರಿಗಾಹಿ ಗುತ್ಯಮ್ಮ. ಅವಳೂ ಕಂಬಳಿಯ ಅಂಚು ಹಿಡಿದು ನಿಂತುಬಿಟ್ಟಿದ್ದಳು. ಕೊನೆಗೆ ಅವಳೇ ಹೇಳಿದಳು: "ಅಕ್ಕಾರೆ, ಕುರಿ ಕಾಯ್ತಾ ರೇಡಿಯೋದಾಗೆ ನಿಮ್ ದನಿ ಕೇಳಿ, ನೀವು ಹಾಕಿದ ಹಾಡಿನ ಜೋಡಿ ಹಾಡ್ಕೊಂಡೋಳು ನಾನು. ನಿಮ್ ಮಕ ನೋಡಿದ್ರೆ ನಾಚ್ಕೆ ಆಗ್ತೈತಿ. ಪರದೆ ಹಿಂದೆ ಹೋಗಿ ಮಾತಾಡ್ರಿ."

"ಗುತ್ಯಮ್ಮ, ನನ್ನ ಜೀವ ಉಳಿಸಿದ್ರಿ ನೀವು!" ಎಂದು ಜಗದಾಂಬ ವೇದಿಕೆಯ ಪರದೆಯ ಹಿಂದೆ ಹೋಗಿ ಕೂತರು. ಕಣ್ಣೆದುರು ಬರೀ ಬಟ್ಟೆ, ಕೈಯಲ್ಲಿ ಮೈಕು. ಮಾತು ಹಳ್ಳದ ನೀರಿನಂತೆ ಹರಿಯಿತು. ಕುರಿ ಎಷ್ಟು, ಮರಿಗೆ ಏನು ಹೆಸರು ಎಂದೆಲ್ಲ ಕೇಳುತ್ತಾ ಕೇಳುತ್ತಾ ಗುತ್ಯಮ್ಮನನ್ನು ಹಾಡಿಗೆ ಇಳಿಸಿಬಿಟ್ಟರು. ಅವಳು ದನಿ ಎತ್ತಿದ್ದೇ ತಡ, ಭವನದ ಹೊರಗಿದ್ದವರೂ ಒಳಗೆ ಬಂದು ನಿಂತರು. ಹಾಡಿನ ಸೊಗಸಿಗೆ ಜಗದಾಂಬ ತಮ್ಮನ್ನೇ ಮರೆತು, ಪರದೆ ಸರಿಸಿ ಬಂದು ಅವಳನ್ನು ತಬ್ಬಿಕೊಂಡರು. ಆಮೇಲೆ ಕ್ಯಾಮೆರಾ ಇದ್ದದ್ದೇ ನೆನಪಾಗಲಿಲ್ಲ.

ಕಾರ್ಯಕ್ರಮ ಈಗಲೂ ನಡೆಯುತ್ತಿದೆ, ಗುತ್ಯಮ್ಮ ಜಗದಾಂಬರ ಪಕ್ಕದಲ್ಲಿ ಕೂತು ಹಾಡುಗಾರರಿಗೆ ಧೈರ್ಯ ತುಂಬುತ್ತಾಳೆ. ಕಳೆದ ಯುಗಾದಿಗೆ ತೊಗರ್ಸಿಯಲ್ಲಿ ಚಿತ್ರೀಕರಣವಿತ್ತು. ಗುತ್ಯಮ್ಮ ಇದ್ದಕ್ಕಿದ್ದಂತೆ, "ಎಲ್ರ ಕೈಲೂ ಹಾಡಿಸ್ತೀರಿ. ತವರುಮನಿ ಊರಾಗೆ ಇವತ್ತು ನೀವು ಹಾಡ್ರಿ" ಎಂದು ಅವರ ಮುಂದೆ ಮೈಕ್ ಹಿಡಿದಳು. ಜಗದಾಂಬರಿಗೆ ಶ್ರುತಿಯೂ ಇಲ್ಲ, ತಾಳವೂ ಇಲ್ಲ. ಆದರೂ ಅವ್ವ ಬೀಸುವಾಗ ಹೇಳುತ್ತಿದ್ದ ಪದವೊಂದನ್ನು ಗಟ್ಟಿಯಾಗಿ ಹಾಡಿಯೇಬಿಟ್ಟರು. ಮುಂದಿನ ಸಾಲಿನಲ್ಲಿ ಕೂತಿದ್ದ ಮಹೇಶ್ವರಪ್ಪ ಕಿವಿ ಮುಚ್ಚಿಕೊಂಡು ನಕ್ಕರು. ಹಾಡು ಮುಗಿಯುವಷ್ಟರಲ್ಲಿ ಊರಿನ ಹೆಂಗಸರೆಲ್ಲ ದನಿ ಕೂಡಿಸಿದ್ದರು.