ನೀಲಗಿರಿ ಎಣ್ಣೆಯ ಕರ್ಚೀಫು

ಮೇಡಂ ಮೂಗಿನ ತುದಿ ವರ್ಷವಿಡೀ ಕೆಂಪಗಿರುತ್ತಿತ್ತು. ಊಟಿಯ ಚಳಿ ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. ಗುಂಡ್ಲುಪೇಟೆ ಕಡೆಯವರು; ಘಟ್ಟ ಹತ್ತಿ ಬಂದು ಇಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತ ಹೇಳುತ್ತ ಕೂದಲು ನರೆತರೂ ನೆಗಡಿ ಬಿಟ್ಟಿರಲಿಲ್ಲ. ಎಡಗೈಯಲ್ಲಿ ಸದಾ ಒಂದು ಬಿಳಿ ಕರ್ಚೀಫು, ಅದಕ್ಕೆ ನಾಲ್ಕು ಹನಿ ನೀಲಗಿರಿ ಎಣ್ಣೆ. ಮೇಡಂ ಲ್ಯಾಬಿಗೆ ಬರುವ ಮೊದಲೇ ಅವರ ವಾಸನೆ ಬಂದು ಕೂತಿರುತ್ತಿತ್ತು.

ನಾನು ಅವರ ಕೈಕೆಳಗೆ ಸಂಶೋಧನೆಗೆ ಸೇರಿದ್ದು ಅಪ್ಪ ಹೋದ ಮೇಲೆ. ನಮ್ಮದು ಮಂಜೂರಿನ ಮೇಲಿನ ಹಟ್ಟಿ. ಟೀ ಸೊಪ್ಪು ಕೊಯ್ಯುತ್ತಿದ್ದ ಅಪ್ಪ ಎದೆ ಹಿಡಿದುಕೊಂಡು ಕೂತರು. ಗ್ಯಾಸ್ ಇರಬೇಕೆಂದು ಬಿಸಿನೀರು ಕುಡಿಸಿದೆವು. ಗ್ಯಾಸಲ್ಲ ಎಂದು ತಿಳಿದು ಆಸ್ಪತ್ರೆಗೆ ಹೊರಟರೆ, ಜೀಪು ಘಟ್ಟದ ತಿರುವಿನಲ್ಲಿರುವಾಗಲೇ ಉಸಿರು ನಿಂತಿತು. ಇದನ್ನು ಮೊದಲ ದಿನವೇ ಮೇಡಂಗೆ ಹೇಳಿಬಿಟ್ಟೆ. ಅವರು ಸಮಾಧಾನ ಹೇಳಲು ಹೋಗಲಿಲ್ಲ. ಹೃದಯಕ್ಕೆ ಪೆಟ್ಟಾದಾಗ ರಕ್ತಕ್ಕೆ ಇಳಿಯುವ ಒಂದು ಪ್ರೋಟೀನ್ ಇದೆ, ಅದನ್ನು ಒಂದೇ ಹನಿಯಲ್ಲಿ ಕಂಡುಹಿಡಿಯುವ ಚಿಪ್ ಮಾಡೋಣ, ನಿಮ್ಮೂರಲ್ಲೇ ಇಟ್ಟುಕೊಳ್ಳುವಂಥದ್ದು, ಎಂದರು.

ಆ ಚಿಪ್‌ನ ಮೈಮೇಲೆ ಹಾಸಿದ್ದು ಗ್ರಾಫೀನ್. ಪೆನ್ಸಿಲ್ ಕಡ್ಡಿಯ ಗ್ರಾಫೈಟನ್ನು ಪದರ ಪದರ ಬಿಡಿಸುತ್ತ ಹೋದರೆ ಕೊನೆಗೆ ಉಳಿಯುವ, ಒಂದೇ ಪರಮಾಣು ದಪ್ಪದ ಹಾಳೆ. ನಮಗೆ ಬೇಕಾದ ಪ್ರೋಟೀನ್ ಬಂದು ಅಂಟಿದರೆ ಅದರಲ್ಲಿ ಹರಿಯುವ ಕರೆಂಟು ಬದಲಾಗಿ ಪರದೆಯ ಮೇಲಿನ ಗೆರೆ ಏಳಬೇಕು. "ಇದಕ್ಕೆ ಒಳಗು ಅನ್ನೋದೇ ಇಲ್ಲ ಕಣಮ್ಮ, ಎಲ್ಲಾ ಹೊರಮೈನೇ. ಅದಕ್ಕೇ ಯಾರು ಸೋಕಿದ್ರೂ ಗೊತ್ತಾಗ್ಬಿಡುತ್ತೆ," ಎನ್ನುತ್ತಿದ್ದರು. ಅವರೂ ಹಾಗೇ ಇದ್ದರು. ಯಾರದಾದರೂ ಮುಖ ಬಾಡಿದ್ದರೆ ಇವರ ಕಾಫಿ ಆರಿಹೋಗುತ್ತಿತ್ತು. ಲ್ಯಾಬಿಗೆ ಬಂದೊಡನೆ ಚಿಪ್‌ನ ಮೇಲೆ ಬಾಗಿ, ನನ್ನಿಂದ ಕಲಿತ ಬಡಗ ಮಾತಿನಲ್ಲಿ "ಒಳ್ಳೆಂಗೆ ಇದ್ದಿಯಾ?" ಎಂದು ಕ್ಷೇಮ ಕೇಳುತ್ತಿದ್ದರು. ಕಿಟಕಿಯಾಚೆ ಮಂಜು, ಒಳಗೆ ಯಂತ್ರದ ಸಣ್ಣ ಗುಂಯ್. ಆ ದಿನಗಳಲ್ಲಿ ನಾವಿಬ್ಬರೂ ಎಚ್ಚರವಾಗಿದ್ದೆವೋ ಕನಸಿನಲ್ಲಿದ್ದೆವೋ, ಈಗ ಹೇಳಲಾರೆ.

ಗೆರೆ ಎದ್ದಿತು. ಮತ್ತೆ ಮತ್ತೆ ಎದ್ದಿತು. ಪ್ರೋಟೀನ್ ಇಲ್ಲದ ಖಾಲಿ ಹನಿಯನ್ನು ನಾನು ಅವರು ಬರುವ ಮುಂಚೆ ಹಾಕಿ ನೋಡುತ್ತಿದ್ದೆ. ಅದು ಮಲಗೇ ಇರುತ್ತಿತ್ತು. ಪ್ರೋಟೀನ್ ಹಾಕುವಾಗ ಮೇಡಂ ಪಕ್ಕದಲ್ಲಿ ಕೂರುವುದು ವಾಡಿಕೆ. ಪ್ರಬಂಧದ ಅಧ್ಯಾಯ ಬರೆದು ಮುಗಿಸಿದೆ, ಅಮ್ಮನಿಗೆ ಫೋನ್ ಮಾಡಿ ಆಯಿತು ಅಂತಲೂ ಹೇಳಿದೆ.

ಆ ವಾರವೇ, ಹನಿ ಬೀಳುವ ಮೊದಲೇ ಗೆರೆ ಅಲುಗಿದ್ದನ್ನು ಮೇಡಂ ಕಂಡರು. ಸ್ವಲ್ಪ ಹಿಂದೆ ಸರಿದರು. ಆಮೇಲೆ ಎದ್ದು ವರಾಂಡಕ್ಕೆ ಹೋಗಿ ನಿಂತರು. ಗೆರೆ ಮೆಲ್ಲಗೆ ಇಳಿಯಿತು. ಒಳಗೆ ಬಂದರು, ಎದ್ದಿತು.

"ನಾವು ಕಂಡುಹಿಡಿದಿರೋದು ನನ್ನ ನೆಗಡೀನ," ಎಂದು ಕರ್ಚೀಫನ್ನೇ ಬಾಯಿಗಿಟ್ಟು ನಕ್ಕರು. ನನಗೆ ನಗು ಬರಲಿಲ್ಲ. ಅಳು ಬಂತು, ಅವರ ಮೇಲೆ ಕೆಟ್ಟ ಸಿಟ್ಟೂ ಬಂತು. ಅವರು ಸ್ಟೂಲು ಎಳೆದುಕೊಂಡು ಹತ್ತಿರ ಕೂತರು.

"ಪ್ರೋಟೀನಿಗಲ್ಲ, ಈ ಎಣ್ಣೆ ಆವಿಗೇ ಗೆರೆ ಏಳ್ತಿದೆ. ನಮ್ಮ ಬೆಟ್ಟದಲ್ಲಿ ಯಾರ ಸೆರಗಲ್ಲಿ ಈ ಎಣ್ಣೆ ಇಲ್ಲ ಹೇಳು? ನಾಳೆ ಯಾರೋ ನಿಮ್ಮಪ್ಪನ ಹಾಗೇ ಎದೆ ಹಿಡ್ಕೊಂಡು ಬರ್ತಾರೆ. ಆಗ ಇದು ಕರ್ಚೀಫ್ ನೋಡಿ ಹೂಂ ಅನ್ಬಾರ್ದು. ಆ ಅಧ್ಯಾಯ ತೆಗೆದ್ಬಿಡಮ್ಮ. ಮತ್ತೆ ಮಾಡೋಣ."

ಅಂದಿನಿಂದ ಅಳತೆಗೆ ಮುಂಚೆ ಕಿಟಕಿ ತೆರೆದು ಗಾಳಿ ಆಡಿಸುವುದು ಅವರ ಕಟ್ಟಪ್ಪಣೆಯಾಯಿತು. ಅವರೇ ಹೊರಗುಳಿದರು. ವರಾಂಡದ ಬೆಂಚಿನ ಮೇಲೆ ಮಫ್ಲರ್ ಸುತ್ತಿಕೊಂಡು, ಗಾಜಿನಾಚೆಯಿಂದ ನನ್ನ ಕೈಯನ್ನೇ ನೋಡುತ್ತಿದ್ದರು. ಕೆಮ್ಮು ಕೇಳಿ ಒಳಗೆ ಬನ್ನಿ ಎಂದರೆ, "ನನ್ನ ಮೈಯೆಲ್ಲಾ ಇದೇ ವಾಸನೆ, ನೀ ನೋಡ್ಕೋ," ಎನ್ನುತ್ತಿದ್ದರು. ಚಿಪ್‌ಗೆ ಮುಚ್ಚಳ ಬಂತು. ಗಾಳಿಯಿಂದಾಗುವ ಏರಿಳಿತವನ್ನು ಲೆಕ್ಕದಿಂದ ಕಳೆಯಲು ಪಕ್ಕದಲ್ಲೊಂದು, ಪ್ರೋಟೀನ್ ಅಂಟದ ಬರೀ ಚಿಪ್ ಬಂತು. ಎಷ್ಟೋ ತಿಂಗಳ ಮೇಲೆ ಒಂದು ಮಧ್ಯಾಹ್ನ ಖಾಲಿ ಹನಿ ಸುಮ್ಮನೆ ಮಲಗಿತು, ಪ್ರೋಟೀನಿನ ಹನಿ ಎದ್ದು ನಿಂತಿತು. ಕಿಟಕಿಗೆ ತಿರುಗಿದೆ. ಮಂಜಿನಲ್ಲಿ ಅವರು ಕಾಣಲಿಲ್ಲ. ಗಾಜಿನ ಮೇಲೆ ಒತ್ತಿದ್ದ ಅಂಗೈ ಮಾತ್ರ ಕಂಡಿತು.

ಹೋದ ಚಳಿಗಾಲದಲ್ಲಿ ಮೇಡಂ ನೆಗಡಿ ಎದೆಗಿಳಿಯಿತು. ಮನೆಯವರು ಊರಿಗೆ ಕರೆದುಕೊಂಡು ಹೋದರು, ಮೇಡಂ ಅಲ್ಲೇ ತೀರಿಕೊಂಡರು. ಚಿಪ್ ಇನ್ನೂ ನಮ್ಮ ಮಂಜೂರನ್ನು ಮುಟ್ಟಿಲ್ಲ. ಆಸ್ಪತ್ರೆಯ ರಕ್ತದಲ್ಲಿ ಪರೀಕ್ಷೆ ನಡೆಯುತ್ತಿದೆ. ಏನೇ ಆಗಲಿ, ಖಾಲಿ ಹನಿಯನ್ನೂ ಅದೇ ಹೊತ್ತಿಗೆ, ಅದೇ ಗಾಳಿಯಲ್ಲಿ ಹಾಕಿ ನೋಡುವ ಬುದ್ಧಿ ಅವರು ಕೊಟ್ಟದ್ದು.

ಮೊನ್ನೆ ಅವರ ತಂಗಿ ಬಂದು ಮೇಜಿನ ಡ್ರಾಯರ್ ತೆರೆದು ಸಾಮಾನು ತೆಗೆದುಕೊಂಡು ಹೋದರು. ಅದರೊಳಗೆ ಮಡಿಸಿಟ್ಟಿದ್ದ ಕರ್ಚೀಫು ಮೇಜಿನ ಮೇಲೇ ಉಳಿದಿತ್ತು. ಮುಚ್ಚಳವಿಲ್ಲದ ಹಳೇ ಚಿಪ್ ಯಂತ್ರದಲ್ಲಿತ್ತು. ನೋಡುತ್ತಿದ್ದ ಹಾಗೇ ಗೆರೆ ಮೆಲ್ಲಗೆ ಏಳತೊಡಗಿತು. ಕಿಟಕಿ ತೆರೆಯಬೇಕಿತ್ತು, ಅದು ಅವರದೇ ಅಪ್ಪಣೆ. ಎದ್ದು ಹೋಗಿ ಬಾಗಿಲನ್ನೂ ಮುಚ್ಚಿ ಬಂದು ಕೂತೆ.