ಸುಣ್ಣದ ಗೆರೆ ಮತ್ತು ಏಳೂವರೆ ಕಿಲೋ

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕುರ್ಲಾ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆ ಮಾಡಿದೆ, ಆಮೇಲೆ ಉಗ್ರಾಣ ನೋಡಿಕೊಂಡೆ. ಇಂಥವನು ವಿಮಾನ ಆರಿಸುವ ಕೆಲಸದಲ್ಲಿ ಇದ್ದೆ ಎಂದರೆ ಲೋಕಲ್ ರೈಲಿನಲ್ಲಿ ಪಕ್ಕ ಕೂತವರು ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗುತ್ತಾರೆ. ತಿರುಗಲಿ. ನಾನು ಹೇಳುವುದನ್ನು ಬಿಡುವುದಿಲ್ಲ. ಆರಿಸಿದವಳು ನನ್ನ ಮೊಮ್ಮಗಳು, ಮಗಳ ಮಗಳು. ನಾನು ತೂಕ ಹಾಕಿದವನು. ಆ ತೂಕದಲ್ಲಿ ಎಡವಟ್ಟು ಮಾಡಿದವನೂ ನಾನೇ. ಅದನ್ನೂ ಬರೆಯುತ್ತೇನೆ, ಇಷ್ಟು ಸಂತೋಷ ಇರುವಾಗ ತಪ್ಪು ಹೇಳಿಕೊಳ್ಳಲು ನಾಚಿಕೆ ಆಗುವುದಿಲ್ಲ.

ತೊಂಬತ್ತನೇ ಇಸವಿಯ ಆಸುಪಾಸು. ಅವಳು ಅಪ್ಪ ಅಮ್ಮನ ಜೊತೆ ಭಾಂಡುಪ್‌ನಲ್ಲಿದ್ದಳು. ವಾರವಿಡೀ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ. ಭಾನುವಾರ ಮಾತ್ರ ಅಂಧೇರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಜುಹುವಿನ ಸಣ್ಣ ವಿಮಾನ ಮೈದಾನಕ್ಕೆ. ಅಲ್ಲಿ ಹಾರುವುದನ್ನು ಕಲಿತಿದ್ದಳು. ಒಂದು ಸಲ ನನ್ನನ್ನೂ ಕರೆದುಕೊಂಡು ಹೋದಳು. ನೋಡಿದರೆ ವಿಮಾನ ಎಂದರೆ ಪೈಪು, ತಂತಿ, ಬಟ್ಟೆಯ ರೆಕ್ಕೆ, ಎರಡು ಸೀಟು, ಅಷ್ಟೇ.

"ಎಂತ ಮಾರಾಯ್ತಿ ಇದು? ಛತ್ರಿಗೆ ಸ್ಕೂಟರಿನ ಇಂಜಿನು ಕಟ್ಟಿದ ಹಾಗೆ ಉಂಟಲ್ಲ!"

"ಅಜ್ಜ, ಇದಕ್ಕೆ ಅಲ್ಟ್ರಾಲೈಟ್ ಅಂತಾರೆ. ಮಜಾಕ್ ಮಾಡ್ಬೇಡಿ."

"ಮಜಾಕ್ ಅಲ್ಲ. ನೀನು ಇದರಲ್ಲಿ ಕೂತುಕೊಳ್ಳುವುದಾ, ಅಲ್ಲ ಇದನ್ನೇ ಹೊತ್ತುಕೊಳ್ಳುವುದಾ ಅಂತ ಕೇಳಿದ್ದು."

ಅವಳು ಹಾರಲು ಕಲಿತ ಕ್ಲಬ್ಬಿನವರು ಆ ಬೇಸಿಗೆಯಲ್ಲಿ ಇಂಥ ಒಂದು ವಿಮಾನವನ್ನು ಹಿಮಾಲಯದ ಎತ್ತರದ ಒಂದು ಕಣಿವೆಗೆ ಒಯ್ಯುವವರಿದ್ದರು. ಅಲ್ಲಿ ಕೆಲಸ ಮಾಡುವ ಡಾಕ್ಟರುಗಳಿಗೆ ಔಷಧಿ ತಲುಪಿಸುವುದು ಉದ್ದೇಶ. ಎರಡು ವಿಮಾನ ತರಿಸಿ ನಿಲ್ಲಿಸಿದ್ದರು, ಒಂದನ್ನು ಆರಿಸಬೇಕು. ಒಂದು ಕೆಂಪು ಬಣ್ಣದ್ದು, ರೆಕ್ಕೆ ಚಿಕ್ಕದು, ವೇಗ ಜಾಸ್ತಿ. ಇನ್ನೊಂದು ಹಳದಿ, ರೆಕ್ಕೆ ಅಗಲ, ನಿಧಾನ, ನೋಡಲು ಸೋಂಬೇರಿ ಎಮ್ಮೆ. ಕ್ಲಬ್ಬಿನ ಹೆಚ್ಚಿನವರಿಗೆ ಕೆಂಪಿನ ಮೇಲೆ ಕಣ್ಣು. ಇವಳು ಒಬ್ಬಳೇ ಹಳದಿ ಎಂದು ಹಟ ಹಿಡಿದಿದ್ದಳು. ಕೆಂಪಾದರೆ ಹಾರಿಸಲು ಬೇರೆಯವರಿದ್ದರು. ಹಳದಿಯಾದರೆ ಇವಳೇ ಹೋಗಬೇಕು ಎಂದು ಅವರ ಮಾಸ್ತರರು ಹೇಳಿದ್ದರು. ಕಲಿಸುವ ಮಾಸ್ತರರು ಮರಾಠಿಯವರು, ಬಿಳಿ ಮೀಸೆ, ಬಹಳ ವರ್ಷ ದೊಡ್ಡ ವಿಮಾನ ಹಾರಿಸಿ ರಿಟೈರ್ ಆದವರು.

"ನಿಧಾನದ್ದು ಯಾಕೆ ನಿನಗೆ?" ಎಂದು ಕೇಳಿದೆ.

"ಅಲ್ಲಿ ಹವಾ ಪತಲಾ ಅಜ್ಜ. ಇಂಜಿನ್‌ಗೆ ತಾಕತ್ ಬರೋದಿಲ್ಲ, ರೆಕ್ಕೆಗೂ ಹಿಡಿಯೋಕೆ ಹವಾ ಸಿಗೋದಿಲ್ಲ. ರೆಕ್ಕೆ ದೊಡ್ಡದು ಇದ್ರೆ ಬೇಗ ಏಳುತ್ತೆ, ನಿಧಾನ ಇಳಿಯುತ್ತೆ. ನಿಮಗೆ ಹ್ಯಾಗೆ ಸಮಝಾಯಿಸ್ಲಿ..."

ನನಗೆ ಸಮಝಾಯಿಸುವುದು ಬೇಡವಾಗಿತ್ತು! ಹೋಟೆಲಿಗೆ ಸೇರುವ ಮೊದಲು ನಾನು ಮೂರು ವರ್ಷ ಅದೇ ಹಿಮಾಲಯದ ಬೆಟ್ಟದ ಮೇಲೆ ರಸ್ತೆ ಕೆಲಸದವರ ಮೆಸ್ಸಿನಲ್ಲಿ ಅಡುಗೆಯವನು. ಅಲ್ಲಿ ನೀರು ಕುದಿಯುತ್ತಿತ್ತು, ಅನ್ನ ಬೇಯುತ್ತಿರಲಿಲ್ಲ. ಸೀಮೆಎಣ್ಣೆಯ ಪಂಪ್ ಸ್ಟವ್ವು ನೀಲಿ ಉರಿ ಬಿಟ್ಟು ಹಳದಿಯಾಗಿ ಉರಿದು ಪಾತ್ರೆಗೆಲ್ಲ ಮಸಿ ಹಿಡಿಸುತ್ತಿತ್ತು. ಎಣ್ಣೆ ಅಷ್ಟೇ ಬರುತ್ತದೆ, ಗಾಳಿ ಸಾಲದು. ತೂತು ಸಣ್ಣದಿರುವ ನಿಪ್ಪಲ್ಲು ಹಾಕಿ ಎಣ್ಣೆ ಕಡಿಮೆ ಮಾಡಿದ ಮೇಲೆ ಉರಿ ನೀಲಿಗೆ ತಿರುಗಿತು, ಆದರೆ ಬೆಟ್ಟದ ಕೆಳಗೆ ಸಿಗುವಷ್ಟು ಶಾಖ ಮಾತ್ರ ಬರಲೇ ಇಲ್ಲ. ಇದನ್ನು ಹೇಳಿದಾಗ ಅವಳು ಬಾಯಿ ಬಿಟ್ಟುಕೊಂಡು ನನ್ನನ್ನು ನೋಡಿದಳು. ಮಾಸ್ತರರ ಹತ್ತಿರ ಎಳೆದುಕೊಂಡು ಹೋಗಿ ಮತ್ತೊಮ್ಮೆ ಹೇಳಿಸಿದಳು. ಅವರು, "ಬರೋಬರ್ ಕಾಕಾ! ಇಂಜಿನ್ ಕಾ ಭೀ ಜೆಟ್ ಛೋಟಾ ಕರನಾ ಪಡತಾ ಹೈ," ಇಂಜಿನ್ನಿಗೂ ಪೆಟ್ರೋಲು ಬರುವ ತೂತು ಸಣ್ಣ ಮಾಡಬೇಕಾಗುತ್ತದೆ ಎಂದು ಬೆನ್ನು ತಟ್ಟಿದರು. ಅಡುಗೆ ಮನೆಯಲ್ಲಿ ಇಷ್ಟು ವರ್ಷ ಇದ್ದೆ, ಬೆನ್ನು ತಟ್ಟಿಸಿಕೊಂಡದ್ದು ವಿಮಾನದ ಪಕ್ಕದಲ್ಲಿ.

ಎರಡನ್ನೂ ಓಡಿಸಿ ನೋಡುವ ಪರೀಕ್ಷೆಯ ದಿನ ಗೊತ್ತಾಯಿತು. ಆ ಕಣಿವೆಯಲ್ಲಿ ಓಡಲು ಇನ್ನೂರು ಹೆಜ್ಜೆ ಜಾಗ, ಮುಗಿದ ಕೂಡಲೇ ಹೊಳೆಯ ಕಮರಿ. ನಲವತ್ತು ಹೆಜ್ಜೆ ಭಯಕ್ಕೆ ಬಿಟ್ಟರೆ ಉಳಿದದ್ದು ನೂರ ಅರವತ್ತು. ಇಲ್ಲಿ ಸಮುದ್ರದ ಪಕ್ಕದಲ್ಲಿ ಏಳಲು ಬೇಕಾದ ಓಟ ಅಲ್ಲಿ ದುಪ್ಪಟ್ಟಾಗುತ್ತದೆ ಎಂದು ಮಾಸ್ತರರ ಲೆಕ್ಕ. ಹಾಗಾಗಿ ಇಲ್ಲಿ ಎಂಬತ್ತನೇ ಹೆಜ್ಜೆಗೆ ಸುಣ್ಣದ ಗೆರೆ. ಗೆರೆಯ ಒಳಗೆ ಚಕ್ರ ನೆಲ ಬಿಡಬೇಕು. ಎರಡರಲ್ಲಿ ಕಡಿಮೆ ಹೆಜ್ಜೆಗೆ ನೆಲ ಬಿಟ್ಟದ್ದು ಬೆಟ್ಟಕ್ಕೆ ಹೋಗುವುದು.

ಎರಡನ್ನೂ ಮಾಸ್ತರರೇ ಹಾರಿಸುವುದು, ಪಕ್ಕದ ಸೀಟಿನಲ್ಲಿ ಮನುಷ್ಯನ ಬದಲು ಮರಳಿನ ಚೀಲ. ಮೊಮ್ಮಗಳು ಗೆರೆಯ ಹತ್ತಿರ ಮಲಗಿ ಚಕ್ರ ನೋಡಬೇಕು. ಮರಳು ತೂಗಲು ನಂಬಿಕೆಯ ಕೈ ಬೇಕಾಯಿತು. "ನಮ್ಮ ಅಜ್ಜನ ತೂಕದಲ್ಲಿ ಒಂದು ಕಾಳು ಇಧರ್ ಉಧರ್ ಆಗೋದಿಲ್ಲ," ಎಂದಳು ಎಲ್ಲರೆದುರು. ಹೋಟೆಲಿನ ಅಕ್ಕಿ ತೂಗುವ ಕಾಟಾವನ್ನು ತರಕಾರಿಯ ಟೆಂಪೋದಲ್ಲಿ ಹಾಕಿಸಿಕೊಂಡು ನಾನು ಬೆಳಿಗ್ಗೆಯೇ ಮೈದಾನದಲ್ಲಿದ್ದೆ. ಎರಡು ಚೀಲ ಮರಳು ಸರಿಸಮ ತೂಗಿದೆ. ಮಾಸ್ತರರನ್ನೂ ಹತ್ತಿಸಿ ತೂಗಿದೆ. ಪೆಟ್ರೋಲನ್ನೂ ತೂಗಿಸಿದಳು, ಪುಣ್ಯಾತ್ಗಿತ್ತಿ.

ಇಲ್ಲಿಯವರೆಗೆ ಎಲ್ಲ ಸರಿ. ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಗಾಡಿಯನ್ನು ಮೊದಲ ಸಲ ಖಾಲಿ ಕಳಿಸಬಾರದು. ಟೆಂಪೋ ಇರಲಿ, ಕೈಗಾಡಿ ಇರಲಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟೇ ಹೊರಡಿಸಬೇಕು. ಅದು ದೇವರ ಪಾಲು. ಉಗ್ರಾಣದಲ್ಲಿ ದಿನಾ ಬೆಳಿಗ್ಗೆ ದೇವರ ಪಾಲು ತೆಗೆದಿಟ್ಟ ಮೇಲೆಯೇ ನಾನು ಅಕ್ಕಿ ತೂಗುತ್ತಿದ್ದದ್ದು; ಅದು ಯಾವತ್ತೂ ತೂಕಕ್ಕೆ ಸೇರಿದ್ದಲ್ಲ. ಐದು ಕಿಲೋ ಕುಚ್ಚಲಕ್ಕಿ, ಒಂದು ಅಚ್ಚು ಬೆಲ್ಲ, ಎರಡು ಕಾಯಿ ಮನೆಯಿಂದ ಕಟ್ಟಿ ತಂದಿದ್ದೆ. ಯಾರೂ ನೋಡದಾಗ ಹಳದಿಯ ಸೀಟಿನ ಹಿಂದಿನ ಕ್ಯಾನ್ವಾಸ್ ಚೀಲಕ್ಕೆ ತುರುಕಿದೆ. ಕೆಂಪಿಗೆ ಇಡಲಿಲ್ಲ. ಮೊಮ್ಮಗಳದ್ದು ಹಳದಿಯಲ್ಲವೇ!

ಕೆಂಪು ಓಡಿತು. ಸರಿಯಾಗಿ ಗೆರೆಯ ಒಂದು ಹೆಜ್ಜೆ ಮೊದಲು ಎದ್ದಿತು. ಹಳದಿ ಓಡಿತು. ಗೆರೆ ಬಂತು, ಚಕ್ರ ಇನ್ನೂ ನೆಲದ ಮೇಲೆಯೇ. ಗೆರೆ ದಾಟಿ ಎರಡು ಹೆಜ್ಜೆ ಆದ ಮೇಲೆ ಎದ್ದಿತು.

ಯಾರೋ ಚಪ್ಪಾಳೆ ತಟ್ಟಿದರು. "ಚಲೋ, ಲಾಲ್ ಫೈನಲ್!"

ಅವಳು ಎದ್ದು ಮೊಣಕೈಗೆ ಹತ್ತಿದ ಮಣ್ಣು ಒರೆಸಿಕೊಂಡಳು. ಜಗಳ ಮಾಡಲಿಲ್ಲ. ಹಲಗೆಗೆ ಸಿಕ್ಕಿಸಿದ ಕಾಗದದಲ್ಲಿ ಬರೆಯತೊಡಗಿದಳು.

"ಎಂತ ಬರೆಯುತ್ತಿ?"

"ಕೆಂಪು ಅಂತ."

"ನೀನು ಹೇಳಿದ್ದು ಹಳದಿ ಅಲ್ಲವಾ?"

"ನಾನು ಹೇಳಿದ್ದು ತಪ್ಪು, ಅಜ್ಜ. ಚಕ್ರ ನಾನೇ ನೋಡಿದೆ. ನೀವೇ ತೂಗಿದ್ದು."

ಅಷ್ಟರಲ್ಲಿ ಮಾಸ್ತರರು ಇಳಿದು ಬಂದರು. ತಲೆ ಕೆರೆಯುತ್ತಾ, "ಅಜೀಬ್ ಹೈ. ಪೀಛೇ ಸೇ ಭಾರಿ ಲಗ್ ರಹಾ ಥಾ," ಎಂದರು.

ಹಿಂದಿನಿಂದ ಭಾರ! ನೀವೇ ತೂಗಿದ್ದು ಎಂಬ ಅವಳ ಮಾತು ಕಿವಿಯಲ್ಲೇ ಇತ್ತು. ಹಳದಿಯ ಹತ್ತಿರ ಹೋಗಿ ಗಂಟನ್ನು ತೆಗೆದು ತಂದು ಕಾಟಾದ ಮೇಲೆ ಇಟ್ಟೆ. ಏಳೂವರೆ ಕಿಲೋ.

"ಅರೇ ಕಾಕಾ, ಹೇ ಕಾಯ್? ರಾಶನ್ ದುಕಾನ್?" ಇದೇನು ರೇಶನ್ ಅಂಗಡಿಯಾ ಎಂದು ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊಮ್ಮಗಳು ನಗಲಿಲ್ಲ. "ಅಜ್ಜ! ತೂಕ ಹಾಕಿದ್ ಮೇಲೆ ಇಟ್ರಾ?"

"ದೇವರ ಪಾಲು ಮಗಾ, ಅದಕ್ಕೆ ತೂಕ ಇಲ್ಲ ಅಂತ..."

"ದೇವರಿಗೆ ಇಲ್ಲದೇ ಇರಬಹುದು. ಅಕ್ಕಿಗೆ ಉಂಟು!" ಎಂದಳು. ಕೋಪ ಬಂದರೆ ಅವಳ ಕನ್ನಡ ನನ್ನ ಹಾಗೆಯೇ ಆಗುತ್ತದೆ.

ಹಳದಿಯೊಂದನ್ನೇ ಇನ್ನೊಮ್ಮೆ ಓಡಿಸಿ ಸಾಕು ಎಂದರು ಮಾಸ್ತರರು. ಇವಳು ಒಪ್ಪಲಿಲ್ಲ. ಗಾಳಿ ಬದಲಾಗಿರಬಹುದು, ಎರಡೂ ಓಡಬೇಕು, ಎಲ್ಲ ಮತ್ತೆ ತೂಗಬೇಕು ಎಂದಳು. ತೂಗಿದವನು ನಾನೇ, ಅದನ್ನು ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ, ಅಷ್ಟು ದೊಡ್ಡ ಮನಸ್ಸು ಅವಳದ್ದು. ತೂಗಿ ಮುಗಿದ ಮೇಲೆ ಮಾತ್ರ, "ನೀವು ಟೆಂಪೋ ಹತ್ತಿರ ಹೋಗಿ ನಿಲ್ಲಿ. ಕೈ ಮೇಲೆ," ಎಂದಳು. ನಿಂತೆ. ಕೈ ಮೇಲೆ ಎತ್ತಿಕೊಂಡೇ ನಿಂತೆ.

ಕೆಂಪು ಮೊದಲಿನ ಹಾಗೆಯೇ, ಗೆರೆಗೆ ಒಂದು ಹೆಜ್ಜೆ ಮೊದಲು. ಹಳದಿ ಓಡುತ್ತಾ ಬಂತು. ನಾನು ಇದ್ದ ಜಾಗದಿಂದ ಚಕ್ರ ಕಾಣುತ್ತಿರಲಿಲ್ಲ. ನೆಲದಲ್ಲಿ ಮಲಗಿದ್ದವಳು ದಡಕ್ಕನೆ ಎದ್ದು ಮೂರು ಬೆರಳು ಎತ್ತಿದ್ದು ಕಂಡಿತು. ಮೂರು ಹೆಜ್ಜೆ ಮೊದಲು! ನಾನು ಎತ್ತಿದ ಕೈಯಲ್ಲೇ ಕುಣಿದೆ. ಟೆಂಪೋದವನು ಮುದುಕನಿಗೆ ಏನಾಯಿತೆಂದು ಇಳಿದು ಬಂದ.

ಆ ಅಕ್ಕಿಯಲ್ಲಿ ಅಲ್ಲೇ ಹಿಂದಿನ ಕ್ಯಾಂಟೀನಿನಲ್ಲಿ ಗಂಜಿ ಮಾಡಿ ಎಲ್ಲರಿಗೂ ಬಡಿಸಿದೆ. ಕೆಂಪಿನವರೂ ಎರಡೆರಡು ಸಲ ಹಾಕಿಸಿಕೊಂಡರು.

ಹೊರಡುವ ಮುಂಚೆ ಅವಳು ಕುರ್ಲಾಕ್ಕೆ ಬಂದಳು. ವಿಮಾನದಲ್ಲಿ ಏನೇನು ಇರುತ್ತದೆ ಎಂಬ ಪಟ್ಟಿ ಕೈಯಲ್ಲಿತ್ತು. ನಟ್ಟು ತಿರುಗಿಸುವ ಪಾನಾದಿಂದ ಹಿಡಿದು ಟಾರ್ಚಿನವರೆಗೆ ಎಲ್ಲದರ ಎದುರು ತೂಕ. "ಒಂದು ಕಾಯಿ ಕೊಡಿ ಅಜ್ಜ. ಚಿಕ್ಕದು," ಎಂದಳು. ಕೊಟ್ಟೆ. "ತೂಗಿ ಕೊಡಿ." ತೂಗಿದೆ. ಆರುನೂರು ಗ್ರಾಂ. ಪಟ್ಟಿಯ ಕೊನೆಯಲ್ಲಿ ಬರೆದುಕೊಂಡಳು.

ತಿಂಗಳು ಕಳೆದ ಮೇಲೆ ಒಂದು ಕಾರ್ಡು ಬಂತು. ಕನ್ನಡ ಬರೆಯುವುದು ಅವಳಿಗೆ ಕಷ್ಟ. ನಾನು ಬೇರೆ ಯಾರ ಕೈಯಲ್ಲೂ ಓದಿಸಬಾರದೆಂದು ಒಂದೊಂದೇ ದೊಡ್ಡ ಅಕ್ಷರ ಕೂರಿಸಿ ಬರೆದಿದ್ದಳು: "ಅಜ್ಜ, ಇಲ್ಲಿ ಅನ್ನ ಬೇಯುವುದಿಲ್ಲ. ಹಳದಿ ನೂರೈವತ್ತಕ್ಕೆ ಏಳುತ್ತದೆ. ಕಾಯಿ ಒಡೆದು ಎಲ್ಲರಿಗೂ ಕೊಟ್ಟೆ. ಈಗ ಆರುನೂರು ಗ್ರಾಂ ಔಷಧಿ ಜಾಸ್ತಿ ಹಿಡಿಯುತ್ತದೆ."

ಕಾರ್ಡು ನನ್ನ ಅಂಗಿಯ ಜೇಬಿನಲ್ಲೇ ಇರುತ್ತದೆ. ಲೋಕಲ್‌ನಲ್ಲಿ ಮುಖ ತಿರುಗಿಸುವವರಿಗೆ ಅದನ್ನು ತೋರಿಸುತ್ತೇನೆ. ಅವರಿಗೆ ಕನ್ನಡ ಬಾರದಿದ್ದರೆ ಓದಿ ಹೇಳುತ್ತೇನೆ.