ಒಂದನೇ ಕ್ಲಾಸಿಗೆ ಸೇರಿದ ಲೆಕ್ಕದ ಟೀಚರ್

ನಿವೃತ್ತಿಯಾದ ಮೇಲೆ ಲೆಕ್ಕದ ಟೀಚರಿಗೆ ಮನೆಯಲ್ಲಿ ಕೈಕಟ್ಟಿ ಕೂರುವುದು ಒಗ್ಗಲಿಲ್ಲ. ದೂರದ ದೇಶವೊಂದರ ಬಡ ಶಾಲೆಗೆ ಲೆಕ್ಕ ಹೇಳಿಕೊಡುವವರು ಬೇಕು, ಸಂಬಳವಿಲ್ಲ, ಊಟಕ್ಕೂ ವಸತಿಗೂ ತೊಂದರೆಯಿಲ್ಲ ಎಂದು ಗೊತ್ತಾದದ್ದೇ ತಡ, ಹೊರಟು ನಿಂತರು.

"ಈ ವಯಸ್ಸಲ್ಲಿ ನಿನಗ್ಯಾಕಕ್ಕಾ ಇಲ್ಲದ ಉಸಾಬರಿ? ಮಂಡಿನೋವು ಬೇರೆ," ಎಂದಳು ತಂಗಿ.

"ಮಂಡಿನೋವು ಇಲ್ಲಿದ್ರೂ ಇರತ್ತೆ, ಅಲ್ಲಿದ್ರೂ ಇರತ್ತೆ. ಅಲ್ಲಾದ್ರೆ ಅದನ್ನ ವಿಚಾರಿಸೋಕೆ ಪುರುಸೊತ್ತಿರಲ್ಲ."

ಶಾಲೆಯೆಂದರೆ ತಗಡಿನ ಸೂರಿನ ಮೂರ್ನಾಲ್ಕು ಉದ್ದ ಕೋಣೆಗಳು. ಟೀಚರಿಗೆ ಸಿಕ್ಕ ಕೋಣೆಯ ನಡುವೆ ಬೀರುಗಳನ್ನು ಸಾಲಾಗಿ ನಿಲ್ಲಿಸಿ ಎರಡು ಭಾಗ ಮಾಡಿದ್ದರು. ಆ ಕಡೆ ಒಂದನೇ ಕ್ಲಾಸು, ಈ ಕಡೆ ಅವರ ಏಳನೇ ಕ್ಲಾಸು. ಕರಿಹಲಗೆ ಉದ್ದಕ್ಕೂ ಸೀಳು ಬಿಟ್ಟಿತ್ತು. ಇದೆಲ್ಲ ಟೀಚರಿಗೆ ದೊಡ್ಡದೆನಿಸಲಿಲ್ಲ. ಕಷ್ಟವಿದ್ದದ್ದು ಭಾಷೆಯಲ್ಲಿ. ಇಂಗ್ಲಿಷ್ ಬಲ್ಲ ಹೆಡ್‌ಮೇಡಂ ಮೊದಮೊದಲು ಪಕ್ಕದಲ್ಲಿ ನಿಂತು ಅವರ ಮಾತನ್ನು ಮಕ್ಕಳಿಗೆ ತಿಳಿಸಿದರು. ಆದರೆ ಅವರಿಗೂ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದಷ್ಟು ಕೆಲಸ.

ಒಬ್ಬರೇ ಪಾಠ ಮಾಡಿದ ದಿನ ಟೀಚರ್ ಭಾಗಾಕಾರ ಬರೆದು, ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತಿನಲ್ಲಿ, "ಅರ್ಥ ಆಯ್ತಾ?" ಎಂದು ಕೇಳಿದರು. ಮಕ್ಕಳೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸಿದರು. ಬಗ್ಗಿ ನೋಡಿದರೆ, ಪ್ರತಿ ಪುಸ್ತಕದಲ್ಲೂ ಲೆಕ್ಕದ ಜೊತೆಗೆ ಒಂದು ಸೊಟ್ಟ ಗೆರೆ. ಹಲಗೆಯ ಸೀಳನ್ನೂ ಲೆಕ್ಕವೆಂದುಕೊಂಡು ಬರೆದುಕೊಂಡಿದ್ದರು.

ಅವತ್ತೇ ಟೀಚರ್ ಹೆಡ್‌ಮೇಡಂ ಹತ್ತಿರ ಹೋದರು. "ನಾಳೆಯಿಂದ ಬೆಳಿಗ್ಗೆ ಹೊತ್ತು ನಾನು ಒಂದನೇ ಕ್ಲಾಸಲ್ಲಿ ಕೂತ್ಕೋತೀನಿ."

"ಪಾಠ ನೋಡೋಕಾ?"

"ಕಲಿಯೋಕೆ."

"ಮಕ್ಕಳೆದುರು ಟೀಚರ್ ಮರ್ಯಾದೆ ಏನಾಗ್ಬೇಕು?"

"ಏನೂ ತಿಳೀದೆ ಹೂಂ ಅಂತಾರಲ್ಲ, ಅದೂ ಮರ್ಯಾದೆ ಅಲ್ಲ ಮೇಡಂ."

ಬೆಂಚು ಎಷ್ಟು ಗಿಡ್ಡವೆಂದರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಮುಂದಿನ ಹಲ್ಲು ಬಿದ್ದ ಪೋರಿ, ನಾಲಿಗೆ ಎಲ್ಲಿ ತಾಗಬೇಕೆಂದು ತನ್ನ ಬಾಯಿ ತೆರೆದು ತೋರಿಸುತ್ತಿದ್ದಳು. ಒಮ್ಮೆ ಆ ಭಾಷೆಯಲ್ಲಿ ಏಳು ಎನ್ನಲು ಹೋಗಿ ಟೀಚರ್ ಈರುಳ್ಳಿ ಎಂದುಬಿಟ್ಟರು. ಬೀರುಗಳ ಆಚೆ ಏಳನೇ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವರ ಕಿವಿಯವರೆಗೆ ಬಿಸಿಯೇರಿತು. ಆದರೂ ಮಾರನೆಯ ದಿನ ಎಲ್ಲರಿಗಿಂತ ಮೊದಲೇ ಬಂದು ಅದೇ ಬೆಂಚಿನಲ್ಲಿ ಕೂತರು. ಕೆಲವು ವಾರಗಳಲ್ಲಿ ಆ ನಗು ಹೋಗಿ, ಅವರು ತಪ್ಪಿದಾಗಲೆಲ್ಲ ಬೀರುಗಳ ಆಚೆಯಿಂದಲೇ ಸರಿಯಾದ ಪದ ತೂರಿ ಬರತೊಡಗಿತು.

ಹೀಗಿರುವಾಗ ಏಳನೇ ಕ್ಲಾಸಿನ ಹಿಂದಿನ ಬೆಂಚಿನ ಉದ್ದ ಜಡೆಯವಳು ಎದ್ದು ನಿಂತಳು. ಅಲ್ಲಿಯವರೆಗೆ ಅವಳ ದನಿಯನ್ನೇ ಯಾರೂ ಕೇಳಿರಲಿಲ್ಲ.

"ಟೀಚರ್, ನನಗೆ ಭಾಗಾಕಾರ ಹಾಗಿರ್ಲಿ, ಕಳೆಯೋದೇ ಬರಲ್ಲ."

"ನನಗೂ," ಎಂದ ಇನ್ನೊಬ್ಬ. ಆಮೇಲೆ ಅರ್ಧ ಕ್ಲಾಸೇ ಕೈಯೆತ್ತಿತು. ಟೀಚರ್ ಹಲಗೆಯನ್ನು ಒರೆಸಿ, ಕಳೆಯುವುದರಿಂದಲೇ ಮತ್ತೆ ಶುರುಮಾಡಿದರು.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಹೆಚ್ಚಿನವರೆಲ್ಲ ಪಾಸಾದರು, ಉದ್ದ ಜಡೆಯವಳು ಫೇಲಾದಳು. ಓದು ಇವಳಿಗೆ ಹತ್ತದು ಎಂದು ಅಪ್ಪ ಅವಳನ್ನು ಸೋದರಮಾವನ ಹೊಲಿಗೆ ಅಂಗಡಿಗೆ ಹಾಕಿದ. ಟೀಚರ್ ಊರಿಗೆ ಮರಳುವ ಟಿಕೆಟನ್ನು ಮುಂದೂಡಿ, ದಿನಾ ಸಂಜೆ ಅಂಗಡಿಗೆ ಹೋಗಿ ಗುಂಡಿ ಹಾಕುತ್ತಿದ್ದವಳ ಪಕ್ಕದಲ್ಲಿ ನಿಂತೇ ಲೆಕ್ಕ ಹೇಳಿದರು.

"ಟೀಚರಮ್ಮ, ಅಂಗಡಿಗೆ ಬಂದು ಪಾಠ ಹೇಳೋದುಂಟಾ?" ಎಂದು ಮಾವ ಗೊಣಗಿದ.

"ನೀವು ಶಾಲೆಗೆ ಕಳಿಸಿದ್ರೆ ನಾನ್ಯಾಕಪ್ಪಾ ಇಲ್ಲಿಗೆ ಬರ್ತೀನಿ?"

ಮಾವ ಮೊದಲು ಒಂದು ಸ್ಟೂಲು ಕೊಟ್ಟ. ಆಮೇಲೆ ಹುಡುಗಿಗೆ ಸಂಜೆ ಬಿಡುವು ಕೊಟ್ಟ. ಅಪ್ಪನಿಗೆ ಬುದ್ಧಿ ಹೇಳಿದವನೂ ಕೊನೆಗೆ ಅವನೇ. ಮರುಪರೀಕ್ಷೆಯಲ್ಲಿ ಅವಳು ಕೂದಲೆಳೆಯ ಅಂತರದಲ್ಲಿ ಪಾಸಾಗಿ ಎಂಟನೇ ಕ್ಲಾಸಿಗೆ ಸೇರಿದಳು. ಅವಳನ್ನು ಹೊಸ ಕ್ಲಾಸಿನಲ್ಲಿ ಕೂರಿಸಿ ಬಂದ ಮೇಲೆಯೇ ಟೀಚರ್ ತಮ್ಮ ಪೆಟ್ಟಿಗೆ ಕಟ್ಟಿದ್ದು.